ನಾಲ್ಕು ಕಾಟಾಗಳ ಮೇಲೆ ನಿಂತ ಕಾರು

ಹೋದ ತಿಂಗಳು ಅವರು ತೀರಿಕೊಂಡಾಗ ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಬಂತು. ನಿವೃತ್ತ ಅಧಿಕಾರಿ, ಗಂಗಾವತಿ ನಿವಾಸಿ, ಪತ್ನಿ ಮತ್ತು ಇಬ್ಬರು ಮಕ್ಕಳಿದ್ದಾರೆ, ಅಂತ್ಯಕ್ರಿಯೆ ಹುಟ್ಟೂರು ಹನುಮಸಾಗರದಲ್ಲಿ. ಬರೆದವನು ನಾನೇ. ನಿಧನ ವಾರ್ತೆಗೆ ಅಷ್ಟೇ ಜಾಗ, ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರನ್ನು ಬಲ್ಲವರು ಆ ನಾಲ್ಕು ಸಾಲಿನಲ್ಲಿ ಅವರನ್ನು ಗುರುತಿಸಲಾರರು.

ಇಲ್ಲಿಯೂ ಹೆಸರು ಬರೆಯುತ್ತಿಲ್ಲ. ಬರೆದರೆ ಅವರ ಗೆಳೆಯ ಯಾರೆಂಬುದು ತಿಳಿದುಬಿಡುತ್ತದೆ. ಆ ಗೆಳೆಯ ಈಗಲೂ ಕಾಲುವೆ ಸೀಮೆಯ ಒಂದು ಊರಿನಲ್ಲಿ ಭತ್ತದ ದಲಾಲಿ ಅಂಗಡಿ ನಡೆಸುತ್ತಿದ್ದಾರೆ, ಮರ್ಯಾದೆಯಿಂದ ಬದುಕುತ್ತಿದ್ದಾರೆ. ಆದ್ದರಿಂದ ತೀರಿಕೊಂಡವರನ್ನು ಓಣಿಯವರೆಲ್ಲ ಕರೆಯುತ್ತಿದ್ದಂತೆ ಸಾಹೇಬರು ಎನ್ನುತ್ತೇನೆ, ಗೆಳೆಯರನ್ನು ಸಾವಕಾರರು ಎನ್ನುತ್ತೇನೆ.

ಸಾಹೇಬರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಕಿರಾಣಿ ಅಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಪಂಪು, ಬಂಗಾರದ ಅಂಗಡಿಯ ಸಣ್ಣ ಕಾಟಾ ಅಂದರೆ ತೂಕದ ಯಂತ್ರ, ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಜ್ ಇವೆಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ಕೆಲಸ. ಸೇವೆಯ ಬಹುಪಾಲು ಬೀದರ, ವಿಜಯಪುರದ ಕಡೆ ಕಳೆಯಿತು. ಎಲ್ಲರೂ ಸ್ವಂತ ಜಿಲ್ಲೆಗೆ ವರ್ಗ ಕೇಳುತ್ತಾರೆ, ಇವರು ಕೇಳಲಿಲ್ಲ. ಕಾರಣ ಕೇಳಿದ್ದಕ್ಕೆ, "ಗುರ್ತಿನವರ ಅಂಗಡ್ಯಾಗ ಕಾಟಾ ಮುಟ್ಟೂದು ಛಲೋ ಅಲ್ರಿ. ಸರಿ ಇದ್ರೂ ತ್ರಾಸ, ಇಲ್ದಿದ್ರೂ ತ್ರಾಸ" ಎಂದಿದ್ದರು. ನಿವೃತ್ತರಾದ ಮೇಲೆ ಗಂಗಾವತಿಯಲ್ಲಿ ನಮ್ಮ ಓಣಿಯಲ್ಲೇ ಮನೆ ಮಾಡಿದರು.

ಕೈಗೆ ಏನು ಕೊಟ್ಟರೂ ಅಂಗೈಯಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿ ನೋಡುವುದು ಅವರ ಅಭ್ಯಾಸ. ತೆಂಗಿನಕಾಯಿ, ಮದುವೆ ಮನೆಯ ಲಾಡು, ನನ್ನ ಕ್ಯಾಮೆರಾ, ಯಾವುದೂ ಬಿಟ್ಟಿರಲಿಲ್ಲ. ಎಷ್ಟು ತೂಗಿತು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತಲೆಯಾಡಿಸಿ ವಾಪಸು ಕೊಡುತ್ತಿದ್ದರು. ಒಮ್ಮೆ ಎದುರುಮನೆಯ ಮೊಮ್ಮಗುವನ್ನು ಎತ್ತಿಕೊಂಡು ಹಾಗೆಯೇ ಆಡಿಸಿದಾಗ ಅದರ ತಾಯಿ ಓಡಿ ಬಂದು, "ಸಾಹೇಬ್ರ, ಅದು ಕೂಸ್ರಿ, ಕುಂಬಳಕಾಯಿ ಅಲ್ಲ" ಎಂದು ಕಿತ್ತುಕೊಂಡಳು. ಸಂತೆಯಲ್ಲಿ ತರಕಾರಿಯ ಹೆಂಗಸರು ಅವರನ್ನು ಕಂಡರೆ ತಕ್ಕಡಿಯನ್ನೇ ಮುಂದಕ್ಕೆ ನೂಕಿ, "ನೀವ ತೂಗಿಕೊಳ್ರಿ ಯಪ್ಪಾ, ನಮಗ್ಯಾಕ ಉಸಾಬರಿ" ಎನ್ನುತ್ತಿದ್ದರು.

ಅವರ ಕಾರು ಹಳೆಯದೊಂದು ಸಣ್ಣ ಹ್ಯಾಚ್‌ಬ್ಯಾಕ್. ಸೇವೆಯಲ್ಲಿದ್ದಾಗ ಕೊಂಡದ್ದು. ಮಕ್ಕಳನ್ನು ಹಬ್ಬಕ್ಕೆ ತಾಯಿಯ ತವರು ಯಲಬುರ್ಗಾಕ್ಕೆ ಕರೆದುಕೊಂಡು ಹೋಗಿ ಬಂದ ಕಾರು. ನಿವೃತ್ತಿಯ ನಂತರ ಮಕ್ಕಳು ಅದನ್ನು ಕೊಟ್ಟು ಹೊಸದು ತಗೊಳ್ಳಿ ಎಂದರು. ಸಾಹೇಬರು ಅದನ್ನು ಬಿಚ್ಚಿ ಹಗುರ ಮಾಡಿ ರೇಸ್ ಟ್ರ್ಯಾಕಿನಲ್ಲಿ ಓಡಿಸುತ್ತೇನೆ ಎಂದರು. ಮನೆಯಲ್ಲಿ ಮೊದಲು ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ, ಆದರೆ ಕೇಳಿದೆ: ಈ ವಯಸ್ಸಿನಲ್ಲಿ ಯಾಕೆ?

"ಜೀವಮಾನ ಪೂರ್ತಿ ನಿಂತ ವಸ್ತು ತೂಗೀನ್ರಿ," ಎಂದರು. "ಓಡೂ ವಸ್ತುವಿನ ತೂಕ ಎಲ್ಲಿ ಹೋಗ್ತದ, ಎಲ್ಲಿ ಬರ್ತದ, ಒಮ್ಮೆ ನೋಡ್ಬೇಕು."

ತಮಿಳುನಾಡಿನ ಒಂದು ಟ್ರ್ಯಾಕಿನಲ್ಲಿ ವರ್ಷಕ್ಕೊಮ್ಮೆ ಹವ್ಯಾಸಿಗಳಿಗೆ ಬಾಗಿಲು ತೆರೆಯುತ್ತಾರೆ. ಪ್ರಾಯದಲ್ಲಿ ಇಲಾಖೆಯ ತರಬೇತಿಗೆ ಆ ಕಡೆ ಹೋಗಿದ್ದಾಗ ಬೇಲಿಯಾಚೆ ನಿಂತು ನೋಡಿದ್ದರಂತೆ. ಅಂದಿನಿಂದ ಮನಸ್ಸಿನಲ್ಲಿ ಉಳಿದಿತ್ತು. ಅವಸರಕ್ಕೆ ಇನ್ನೊಂದು ಕಾರಣವಿತ್ತು. ಕಣ್ಣಿನ ನರ ಒಣಗುವ ಕಾಯಿಲೆ ಅವರಿಗೆ. ನೇರ ನೋಟ ಚೆನ್ನಾಗಿಯೇ ಇತ್ತು, ಅಂಚಿನ ನೋಟ ನಿಧಾನವಾಗಿ ಕಿರಿದಾಗುತ್ತಿತ್ತು. ಕೊಪ್ಪಳದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಆ ವರ್ಷದ ಮಟ್ಟಿಗೆ ಓಡಿಸಬಹುದು ಎಂದು ಬರೆದುಕೊಟ್ಟರು. "ಮುಂದಿನ ವರ್ಷ ಮಾತ್ರ ನನ್ ಹತ್ರ ಈ ಕಾಗದ ಕೇಳ್ಬ್ಯಾಡ್ರಿ" ಎಂದೂ ಹೇಳಿದರು. ಹೀಗಾಗಿ ಆ ವರ್ಷ ಓಡಿಸಿದರೆ ಓಡಿಸಿದಂತೆ. ಇದು ಅವರಿಗೂ ಗೊತ್ತಿತ್ತು, ಅವರ ಹೆಂಡತಿಗೂ ಗೊತ್ತಿತ್ತು.

ಅವರ ಹೆಂಡತಿಯನ್ನು ಓಣಿಯವರೆಲ್ಲ ಅಕ್ಕ ಎನ್ನುತ್ತೇವೆ, ಸಾವಕಾರರು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತಾರೆ. ಅಕ್ಕ ಆರು ತಿಂಗಳು ಆ ಕಾರಿನ ಭಾಗಗಳ ನಡುವೆ ಸಂಸಾರ ಮಾಡಿದರು. ಮೊದಲು ಸೀಟುಗಳು ಹೊರಬಂದವು. ಹಿಂದಿನ ಸೀಟನ್ನು ಜಗಲಿಯ ಗೋಡೆಗೆ ಹಚ್ಚಿಟ್ಟರು. ಯಾರು ಹೋದರೂ ಅಕ್ಕ, "ಬರ್ರಿ, ಕಾರಿನ್ಯಾಗ ಕುಂದರ್ರಿ, ಚಾ ತರ್ತೀನಿ" ಎನ್ನುತ್ತಿದ್ದರು. ಆಮೇಲೆ ಕಾರ್ಪೆಟ್ಟು, ಚಾವಣಿಯ ಬಟ್ಟೆ, ರೇಡಿಯೋ, ಎ.ಸಿ., ಬಾಗಿಲುಗಳ ಒಳಹೊದಿಕೆ, ಸ್ಟೆಪ್ನಿ, ಜಾಕ್ ಒಂದೊಂದಾಗಿ ಹೋದವು. ಹಿಂದಿನ ಗಾಜುಗಳನ್ನು ತೆಗೆದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕೂರಿಸಿದರು. ತೆಗೆದ ಪ್ರತಿಯೊಂದನ್ನೂ ಅಂಗೈಯಲ್ಲಿ ಆಡಿಸಿ ನೋಡಿ ಜಗಲಿಯ ಮೇಲಿಡುತ್ತಿದ್ದರು.

"ಮಂದಿ ಕಾರಿಗೆ ಕುಚ್ಚು ಕಟ್ಟಿ, ಸೀಟಿಗೆ ಬಟ್ಟಿ ಹೊಲಸ್ತಾರ," ಎಂದು ಅಕ್ಕ ನನಗೆ ಹೇಳಿದರು. "ನಮ್ಮವರು ಅದರ ಅಂಗಿ ಚೊಣ್ಣ ಎಲ್ಲಾ ಬಿಚ್ಚಿ ಬೀದ್ಯಾಗ ನಿಲ್ಸ್ಯಾರ."

ಕಾರ್ಪೆಟ್ಟಿನ ಕೆಳಗೆ ತಗಡಿಗೆ ಡಾಂಬರಿನಂಥ ಹಾಳೆಗಳನ್ನು ಅಂಟಿಸಿರುತ್ತಾರೆ, ಸದ್ದು ಕಡಿಮೆ ಮಾಡಲು. ಟ್ರ್ಯಾಕಿಗೆ ಹೋಗುವ ಕಾರಿಗೆ ಅದು ಬೇಡದ ಭಾರ. ಗಂಗಾವತಿಯ ಬಿಸಿಲಿಗೆ ಅದು ಮೆತ್ತಗಾಗಿ, ಉಳಿ ಹಾಕಿ ಎಬ್ಬಿಸಿದರೆ ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬರುತ್ತಿತ್ತು. ಎರಡು ದಿನ ಕೆರೆದು ಸೋತ ಮೇಲೆ ಸಾಹೇಬರು ಓಣಿಗೆ ಬರುವ ಕುಲ್ಫಿ ಗಾಡಿಯವನನ್ನು ನಿಲ್ಲಿಸಿ, ಕುಲ್ಫಿ ಹೇಗೆ ಗಟ್ಟಿ ಮಾಡುತ್ತೀ ಎಂದು ಕೇಳಿದರು. ಐಸಿಗೆ ದಪ್ಪ ಉಪ್ಪು ಬೆರೆಸಿದರೆ ತಂಪು ಇನ್ನೂ ಇಳಿಯುತ್ತದೆ ಎಂದು ಅವನು ಹೇಳಿದ. ಮರುದಿನ ಕಾರಿನೊಳಗೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಉಪ್ಪು ಐಸು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಮರದ ಸುತ್ತಿಗೆಯಿಂದ ಹೊಡೆದರು. ಹಾಳೆ ಹಪ್ಪಳದಂತೆ ಪಟಪಟ ಒಡೆಯಿತು. ಉಪ್ಪಿಗೆ ತಗಡು ತುಕ್ಕು ಹಿಡಿದೀತೆಂದು ಆಮೇಲೆ ಕೊಡಗಟ್ಟಲೆ ನೀರು ಹಾಕಿ ತೊಳೆದರು. ಕುಲ್ಫಿಯವ ನಿಂತು ನೋಡುತ್ತಿದ್ದ. "ಸಾಹೇಬ್ರ, ಹಾಲು ಯಾವಾಗ ಹಾಕ್ತೀರಿ?" ಎಂದ.

ಕಾರು ಮಗುಚಿದರೆ ಒಳಗಿದ್ದವನನ್ನು ಕಾಯುವ ಕಬ್ಬಿಣದ ಪಂಜರವನ್ನು ಕುಷ್ಟಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವನಿಂದ ಮಾಡಿಸಿದರು. ಅವನು ತನ್ನ ಲೆಕ್ಕದಲ್ಲಿ ಉದಾರವಾಗಿ ಪೈಪು ಹಾಕಿದ್ದ. "ನಮ್ಮ ಟ್ರೇಲರ್ ಕಲ್ಲು ಹೊರ್ತಾವ್ರಿ, ನಿಮ್ಮನ್ನ ಹೊರಂಗಿಲ್ಲೇನು?" ಎಂದು ಅವನ ವಾದ. ಬಿಚ್ಚಿ ಕಳೆದ ಭಾರ ಅರ್ಧದಷ್ಟು ವಾಪಸು ಬಂದಿತ್ತು. ಸಾಹೇಬರು ನಿಯಮದಲ್ಲಿಲ್ಲದ ಎರಡು ಪೈಪು ಮಾತ್ರ ಕತ್ತರಿಸಿ ತೆಗೆಸಿ, ಉಳಿದದ್ದನ್ನು ಹಾಗೇ ಬಿಟ್ಟರು. "ಜೀವಾ ಕಾಯೂ ತೂಕ ತೂಕಲ್ಲ" ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ.

ಪಂಜರ ಕೂರಿಸಿ ತಂದ ಮೇಲೆ ಸರಕಾರಕ್ಕೆ ಬರೆದುಕೊಟ್ಟು ಕಾರಿನ ನೋಂದಣಿ ರದ್ದು ಮಾಡಿಸಿದರು. ನಂಬರ್ ಪ್ಲೇಟು ಬಿಚ್ಚಿದರು. ಅಲ್ಲಿಂದ ಮುಂದೆ ಆ ಕಾರನ್ನು ಓಣಿಯ ತಿರುವಿನವರೆಗೂ ಓಡಿಸಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡೇ ಹೋಗಬೇಕು. ಆ ಇನ್ನೊಂದು ಗಾಡಿ ಸಾವಕಾರರ ಲಾರಿ.

ಸಾವಕಾರರು ಹನುಮಸಾಗರದ ಶಾಲೆಯಲ್ಲಿ ಸಾಹೇಬರ ಪಕ್ಕದಲ್ಲೇ ಕೂತು ಕಲಿತವರು. ಈಗ ಭತ್ತ ಬೆಳೆಯುವ ಊರಿನಲ್ಲಿ ದಲಾಲಿ ಅಂಗಡಿ. ರೈತರು ತಂದ ಭತ್ತವನ್ನು ತೂಗಿಸಿ ಮಿಲ್ಲಿಗೆ ಕೊಡಿಸುವ ವ್ಯವಹಾರ. ಅಳಿಯನದೊಂದು ರೈಸ್ ಮಿಲ್ಲೂ ಇದೆ. ಅವರ ಲಾರಿ ಅಕ್ಕಿ ಹೇರಿಕೊಂಡು ತಮಿಳುನಾಡಿಗೆ ಹೋಗಿ ಬರುತ್ತಿತ್ತು. ಆ ಸಲ ಅಕ್ಕಿಯ ಜೊತೆಗೆ ಕಾರನ್ನೂ ಟ್ರ್ಯಾಕಿಗೆ ಮುಟ್ಟಿಸುವುದಾಗಿ ಅವರೇ ಮಾತು ಕೊಟ್ಟಿದ್ದರು. "ಲೇ ಕಾಟಾ ಸಾಹೇಬ, ನಿನ್ನ ಬತ್ತಲಿ ಕಾರಿಗೆ ನನ್ನ ಲಾರಿಯಾಗ ಜಾಗಾ ಐತಿ. ಗೆದ್ದ್ ಬಂದ್ರ ಊರಾಗ ಮೆರವಣಗಿ. ಸೋತ್ರ ಅಲ್ಲೇ ಮಾರಿ ಬಸ್ಸಿಗೆ ಬಾ."

ಅಳಿಯನ ಮಿಲ್ಲಿನ ಹಿಂದೆ ಭತ್ತ ಒಣಗಿಸುವ ವಿಶಾಲವಾದ ಸಿಮೆಂಟ್ ಅಂಗಳವಿದೆ. ಒಂದು ಭಾನುವಾರ ಅದು ಖಾಲಿಯಿದ್ದಾಗ ಕಾರನ್ನು ಅಲ್ಲಿಗೆ ತಂದು ಇಳಿಸಿದರು. ಇಟ್ಟಿಗೆಗಳನ್ನು ಇಟ್ಟು ತಿರುವು ಮಾಡಿದರು. ಸಾಹೇಬರು ಹೆಲ್ಮೆಟ್ ಹಾಕಿಕೊಂಡು, ಬೆಲ್ಟು ಬಿಗಿದುಕೊಂಡು ಶುರು ಮಾಡಿದರು. ಓಣಿಯಲ್ಲಿ ಹಾರ್ನ್ ಹೊಡೆಯಲೂ ಹಿಂಜರಿಯುತ್ತಿದ್ದ ಮನುಷ್ಯ ಇವರೇನಾ ಎನ್ನಿಸಿತು. ಹೊಟ್ಟಿನ ಧೂಳೆದ್ದಿತು, ಮಿಲ್ಲಿನ ಗೋಡೆಗೆ ಸದ್ದು ಬಡಿದು ವಾಪಸು ಬರುತ್ತಿತ್ತು. ಇಳಿದು ಬಂದಾಗ ಮುಖ ಕೆಂಪಾಗಿತ್ತು. ನಗುತ್ತಿದ್ದರು. ಆದರೆ ಹೇಳಿದ್ದು ದೂರು: "ಎಡಕ್ಕ ಛಲೋ ತಿರಗ್ತದ, ಬಲಕ್ಕ ಜಾರ್ತದ. ನಾಲ್ಕೂ ಗಾಲಿ ಮ್ಯಾಲ ತೂಕ ಸರಿಯಾಗಿ ಹಂಚಿಲ್ಲ."

ತೂಕ ಹಂಚುವುದೆಂದರೆ ನಾಲ್ಕೂ ಗಾಲಿಯನ್ನು ಬೇರೆ ಬೇರೆ ತೂಗಿ, ಸ್ಪ್ರಿಂಗಿನ ಕೆಳಗಿನ ಬಳೆ ತಿರುಗಿಸಿ ಎತ್ತರ ಹೆಚ್ಚು ಕಡಿಮೆ ಮಾಡುವುದು. ದೊಡ್ಡ ಊರುಗಳಲ್ಲಿ ಅದಕ್ಕೆ ಬೇರೆಯೇ ಯಂತ್ರ ಇಟ್ಟಿರುತ್ತಾರೆ. ಇಲ್ಲಿ ಸಾವಕಾರರ ಅಂಗಡಿಯಲ್ಲಿ ಭತ್ತದ ಚೀಲ ತೂಗುವ ನಾಲ್ಕು ಇಲೆಕ್ಟ್ರಾನಿಕ್ ಕಾಟಾಗಳಿದ್ದವು. ಅಮಾವಾಸ್ಯೆಯ ದಿನ ಆ ಅಂಗಡಿಯಲ್ಲಿ ತೂಕ ಇರುವುದಿಲ್ಲ. ಅವತ್ತು ನಾಲ್ಕನ್ನೂ ಅಂಗಡಿಯ ಮುಂದಿನ ಅಂಗಳದಲ್ಲಿ ಚೌಕಾಕಾರ ಇಟ್ಟು, ಲಾರಿಯಲ್ಲಿ ಕಾರನ್ನು ತಂದಿಳಿಸಿ, ಹಮಾಲರನ್ನು ಕರೆಸಿದರು. ಹಮಾಲರ ಹಿರಿಯ ಹನುಮಪ್ಪ ಕಾರಿನ ಮುಂಭಾಗಕ್ಕೆ ಕೈಹಾಕಿ, "ಇದು ಕಾರೇನ್ರಿ, ಬುಟ್ಟಿ ಏನ್ರಿ?" ಎಂದ. ಎಲ್ಲರೂ ಸೇರಿ ಒಂದೊಂದು ಬದಿಯನ್ನೂ ಎತ್ತಿ ಕಾಟಾದ ಮೇಲೆ ಕೂರಿಸಿದರು. ಸಾಹೇಬರು ಒಳಗೆ ಕೂತರು. ಓಡಿಸುವವನ ತೂಕವೂ ಲೆಕ್ಕಕ್ಕೆ ಬರಬೇಕಲ್ಲ.

ಇಲ್ಲೊಂದು ಸಂಗತಿ ದಾಖಲಿಸಬೇಕು. ಸಾಹೇಬರು ಯಾವ ಕಾಟಾವನ್ನೂ ಪರೀಕ್ಷಿಸದೆ ನಂಬಿದವರಲ್ಲ. ಅವತ್ತು ಪರೀಕ್ಷಿಸಲಿಲ್ಲ. ಗೆಳೆಯನ ಕಾಟಾ, ಗೆಳೆಯನ ಅಂಗಳ, ಕೆಲಸದ ಹುರುಪು. ಮಧ್ಯಾಹ್ನದವರೆಗೆ ಬಳೆ ತಿರುಗಿಸಿ, ಕಾರನ್ನು ಅಲುಗಾಡಿಸಿ, ಮತ್ತೆ ನೋಡಿ, ಎಡಬಲ ಸಮ ಬಂದಾಗ ಮಕ್ಕಳಂತೆ ಚಪ್ಪಾಳೆ ತಟ್ಟಿದರು. ನಾಲ್ಕನ್ನೂ ಕೂಡಿಸಿ ಅವರ ತೂಕ ಕಳೆದರೆ ಕಾರು ಆರುನೂರು ಕೆ.ಜಿ.ಗಿಂತ ಕೆಳಗೆ ಇಳಿದಿತ್ತು. ಅದು ಅವರು ಇಟ್ಟುಕೊಂಡಿದ್ದ ಗುರಿ. ಸಾವಕಾರರು ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು.

ಟ್ರ್ಯಾಕಿನವರಿಗೆ ತೂಕದ ಚೀಟಿ ಬೇಕಿತ್ತು. ಅದಕ್ಕಾಗಿ ಎರಡು ದಿನ ಬಿಟ್ಟು ಲಾರಿಯಲ್ಲಿ ಹೇರಿಕೊಂಡು ಕಾರಟಗಿಯ ವೇಬ್ರಿಜ್‌ಗೆ ಹೋದೆವು. ಕಾರನ್ನು ಇಳಿಸಿ ಕಟ್ಟೆಯ ಮೇಲೆ ನಿಲ್ಲಿಸಿದರೆ, ನಾಲ್ಕು ಕಾಟಾಗಳಿಂದ ಬಂದಿದ್ದ ಕಾರಿನ ತೂಕಕ್ಕಿಂತ ಇಪ್ಪತ್ತು ಕೆ.ಜಿ. ಹೆಚ್ಚು ತೋರಿಸಿತು. ಸಾಹೇಬರು ಮೊದಲು ಕಾರಿನೊಳಗೆ ಹುಡುಕಿದರು. ಪಾನಾ, ಸ್ಪ್ಯಾನರ್ ಏನಾದರೂ ಬಿಟ್ಟಿದ್ದೇವೆಯೇ, ಪೆಟ್ರೋಲ್ ಹೆಚ್ಚಿದೆಯೇ? ಏನೂ ಇರಲಿಲ್ಲ. ಮತ್ತೆ ತೂಗಿಸಿದರು, ಅಷ್ಟೇ ಬಂತು. ಆಮೇಲೆ ಅವರು ಸ್ವಲ್ಪ ಹೊತ್ತು ಕಟ್ಟೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು.

ಕಾರನ್ನು ಮನೆಯಲ್ಲಿ ಇಳಿಸಿ ಸೀದಾ ಸಾವಕಾರರ ಅಂಗಡಿಗೆ ಹೋದರು, ಜೊತೆಗೆ ನಾನೂ ಹೋದೆ. ಹಮಾಲರು ಊಟಕ್ಕೆ ಹೋಗಿದ್ದರು. ಅಂಗಡಿಯ ಗೋಡೆಯ ಗೂಡಿನಂಥ ದೇವರ ಮಾಡದ ಕೆಳಗೆ ಸಾವಕಾರರ ತಂದೆಯ ಕಾಲದ ತೂಕದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಅವು ಕಬ್ಬಿಣದವು, ಆದರೂ ಇಲ್ಲಿ ಅವನ್ನು ಕಲ್ಲು ಎಂದೇ ಕರೆಯುತ್ತಾರೆ. ಈಗ ಅವುಗಳಿಂದ ತೂಗುವುದಿಲ್ಲ. ದೀಪಾವಳಿಗೆ ತೊಳೆದು, ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಸಾಹೇಬರು ಚಪ್ಪಲಿ ಬಿಟ್ಟು ಹೋಗಿ, ಕಲ್ಲುಗಳನ್ನು ಒಂದೊಂದಾಗಿ ಎತ್ತಿ ತಂದು ಕಾಟಾದ ಮೇಲಿಟ್ಟರು. ಕಡಿಮೆ ತೋರಿಸಿತು. ಎರಡನೆಯ ಕಾಟಾ, ಮೂರನೆಯದು, ನಾಲ್ಕನೆಯದು. ನಾಲ್ಕೂ ಅಷ್ಟಷ್ಟೇ ಕಡಿಮೆ ತೋರಿಸಿದವು. ಭತ್ತದ ಚೀಲವೊಂದಕ್ಕೆ ಎರಡು ಕೆ.ಜಿ.ಗಿಂತ ಹೆಚ್ಚು ಹೋಗುತ್ತಿತ್ತು.

ಸಾವಕಾರರು ಗಾದಿಯ ಮೇಲೆ ಕೂತು ನೋಡುತ್ತಿದ್ದರು.

"ಏನಲೇ ಅದು, ದೇವರ ಕಲ್ಲಿಗೆ ಕೈ ಹಚ್ಚೀದಿ?"

"ನಿನ್ನ ಕಾಟಾ ಕಡಿಮಿ ತೂಗ್ತಾವ."

"ರಿಪೇರಿಯವ ಸೆಟ್ ಮಾಡಿ ಕೊಟ್ಟಾನ. ನಾ ಅದರಾಗ ಕೈ ಹಾಕೀನೇನು?"

"ಕೈ ಹಾಕಿಲ್ಲ. ಕಣ್ಣೂ ಹಾಕಿಲ್ಲ."

ಸಾವಕಾರರು ಕೇಳಿದರು: "ಅಲ್ಲಾ, ನಿನ್ನ ಕಾರಿಗೇನಾತು ಈಗ? ನಾಲ್ಕೂ ಸಮ ಬಂದಾವಿಲ್ಲ?"

"ಕಾರಿಗೆ ಏನೂ ಆಗಿಲ್ಲ. ನಾಲ್ಕೂ ಒಂದ ಸುಳ್ಳು ಹೇಳ್ಯಾವ. ಅದಕ್ಕ ಎಡಬಲ ಸರಿ ಬಂದೈತಿ."

"ಮತ್ತ? ಮುಗೀತಲ್ಲ. ಹೋಗಿ ಓಡ್ಸು."

"ರೈತಂದು ಸರಿ ಬಂದಿಲ್ಲಲ್ಲ."

ಆಗ ಸಾವಕಾರರ ದನಿ ಏರಿತು. "ರೈತಂದು ನನಗ ಹೇಳ್ತೀಯೇನು? ಹಸೀ ನೆಲ್ಲು ತರ್ತಾರ, ನೀರು ಸೋರ್ತಿರ್ತದ. ಒಣಗಿದ ಮ್ಯಾಲ ಹೋಗೂ ತೂಕ ನಿನ್ನ ಇಲಾಖೆ ಕೊಡ್ತದೇನು?"

"ತೇವ ನೋಡೂ ಮಶೀನ್ ಐತಿ. ರೈತನ ಮುಂದ ಹಿಡಿ, ಅಂವಗ ತೋರ್ಸಿ ಕಳಿ. ಕಾಟಾದ ಹೊಟ್ಟ್ಯಾಗ ಕಳೀಬ್ಯಾಡ."

"ಸುಗ್ಗಿ ಮುಗೀಲಿ, ನೋಡೂಣು."

"ಸುಗ್ಗಿ ಮುಗದ ಮ್ಯಾಲ ಏನ್ ತೂಗ್ತಿ?"

ಸಾವಕಾರರು ಎದ್ದು ನಿಂತರು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. "ನೀ ರಿಟೈರ್ ಆಗೀದಿ. ನಿನ್ ಕೈಯಾಗ ಈಗ ಮುದ್ರಿ ಇಲ್ಲ. ಗೆಳ್ಯಾ ಅಂತ ಅಂಗಡ್ಯಾಗ ಬಿಟ್ಕೊಂಡೀನಿ. ಇಷ್ಟ ಮಾತಾಡೋದಿದ್ರ ಈ ಸಲ ಲಾರಿಯಾಗ ಜಾಗಾ ಇಲ್ಲ, ತಿಳೀತಿಲ್ಲ?"

"ಲಾರಿ ನಿಂದು," ಎಂದರು ಸಾಹೇಬರು. ಕಲ್ಲುಗಳನ್ನು ಮತ್ತೆ ಒಂದೊಂದಾಗಿ ಹೊತ್ತು ಮಾಡದ ಕೆಳಗೆ ಇಟ್ಟು, ಕುಂಕುಮ ಅಳಿಸಿದ್ದಲ್ಲಿ ತಮ್ಮ ಕೈಯಿಂದಲೇ ಹಚ್ಚಿ, ಹೊರಗೆ ಬಂದರು. ಟ್ರ್ಯಾಕಿನ ದಿನಕ್ಕೆ ಮೂರು ವಾರವಿತ್ತು.

ಇಲಾಖೆಗೆ ದೂರು ಕೊಡುತ್ತಾರೆ ಎಂದುಕೊಂಡೆ. ಕೊಡಲಿಲ್ಲ. ನನಗೂ ಬರೆಯಬೇಡಿ ಎನ್ನಲಿಲ್ಲ, ಬರೆಯಿರಿ ಎಂದೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕನಿಂದ ಬುತ್ತಿ ಕಟ್ಟಿಸಿಕೊಂಡು, ಮೊದಲ ಬಸ್ಸು ಹಿಡಿದು ಆ ಅಂಗಡಿಗೆ ಹೋಗಿ ಕಾಟಾದ ಪಕ್ಕದಲ್ಲಿ ಒಂದು ಚೀಲದ ಮೇಲೆ ಕೂತರು. ಒಬ್ಬ ರೈತನ ಭತ್ತದ ತೂಕ ಶುರುವಾಗುವ ಮೊದಲು ಎದ್ದು, ಮಾಡದ ಕೆಳಗಿನ ಕಲ್ಲುಗಳನ್ನು ತಂದು ಕಾಟಾದ ಮೇಲಿಟ್ಟು, "ನೋಡ್ರಿ, ಕಲ್ಲಿನ ಮ್ಯಾಲ ಬರದದ್ದೆಷ್ಟು, ಕಾಟಾ ತೋರಸೂದೆಷ್ಟು" ಎಂದರು. ಇಷ್ಟೇ. ಮತ್ತೆ ಚೀಲದ ಮೇಲೆ ಕೂತರು. ಎರಡನೆಯ ರೈತ ಬಂದಾಗ ಮತ್ತೆ ಎದ್ದರು.

ಸಾವಕಾರರು ಬೈದು ನೋಡಿದರು. ಎಬ್ಬಿಸಿ ಹೊರಗೆ ಹಾಕಲಾಗಲಿಲ್ಲ. ಬಾಲ್ಯದ ಗೆಳೆಯ, ವಯಸ್ಸಾದವರು, ಮೇಲಾಗಿ ಇಟ್ಟದ್ದು ದೇವರ ಮುಂದಿನ ಕಲ್ಲು. ಹಮಾಲರು ಮುಖ ತಿರುಗಿಸಿ ನಗುತ್ತಿದ್ದರು. 'ಕಲ್ಲಿನ ಸಾಹೇಬ್ರು ಬಂದಾರೇನು?' ಎಂದು ಕೇಳಿಕೊಂಡೇ ರೈತರು ಟ್ರ್ಯಾಕ್ಟರ್ ನಿಲ್ಲಿಸತೊಡಗಿದರು. ವಾರ ಕಳೆಯುವ ಮೊದಲೇ ಸಾವಕಾರರು ರಿಪೇರಿಯವನನ್ನು ಕರೆಸಿ ನಾಲ್ಕೂ ಕಾಟಾ ಸರಿ ಮಾಡಿಸಿ, ಇಲಾಖೆಯಿಂದ ಹೊಸದಾಗಿ ಮುದ್ರೆ ಹಾಕಿಸಿದರು. ಗೆಳೆಯನೊಡನೆ ಮಾತು ಮಾತ್ರ ಬಿಟ್ಟರು. ಸಾಹೇಬರು ಆಮೇಲೂ ಏಳಲಿಲ್ಲ.

"ಈಗ ಸರಿ ತೋರಸ್ತಾವಲ್ರಿ," ಎಂದೆ.

"ಸರಿ ಮಾಡಿಸಿದ್ದು ಸರಿ ಉಳೀಬೇಕಲ್ರಿ. ಸುಗ್ಗಿ ಮುಗಿಯೂತನಕ ಕುಂದರ್ತೀನಿ."

ಇದು ಧರ್ಮವೋ ಹಟವೋ ಎಂದು ನನ್ನನ್ನು ಹಲವರು ಕೇಳಿದ್ದಾರೆ. ನಾನು ಕಂಡದ್ದನ್ನು ಹೇಳಬಲ್ಲೆ, ಅಷ್ಟೇ. ಅವರು ಸರಿ ತೂಗುವ ಕಾಟಾದ ಮೇಲೆ ದಿನವೂ ಕಲ್ಲು ಇಡುತ್ತಿದ್ದರು, ದಿನವೂ ಅದು ಸರಿಯನ್ನೇ ತೋರಿಸುತ್ತಿತ್ತು, ಟ್ರ್ಯಾಕಿನ ದಿನ ಹತ್ತಿರ ಬರುತ್ತಿತ್ತು.

ಅಕ್ಕ ಸುಮ್ಮನಿರಲಿಲ್ಲ. ಯಲಬುರ್ಗಾದಲ್ಲಿದ್ದ ತಮ್ಮನಿಗೆ ಫೋನ್ ಮಾಡಿದರು. ಅವನ ಬಳಿ ಟ್ರ್ಯಾಕ್ಟರ್ ಸಾಗಿಸುವ ಗಾಡಿಯಿತ್ತು. ಕಾರು ಹೊರಡಬೇಕಾದ ದಿನ ಬೆಳಿಗ್ಗೆ ಆ ತಮ್ಮ ತನ್ನ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಸಾಹೇಬರು ಆಗಲೇ ಬುತ್ತಿ ತಗೊಂಡು ಮೊದಲ ಬಸ್ಸಿಗೆ ಹೋಗಿಬಿಟ್ಟಿದ್ದರು. ಹಿಂದಿನ ದಿನವೇ ಅಕ್ಕನಿಗೆ ಹೇಳಿದ್ದರಂತೆ: "ಬರೂ ನಾಕ್ ದಿನಾ ನೆಲ್ಲು ಭಾಳ ಬರ್ತದ. ಈಗ ಎದ್ದು ಹೋದ್ರ ಕುಂತಿದ್ದಕ್ಕ ಅರ್ಥ ಇಲ್ಲ."

ಆ ದಿನ ನಾನು ಸುಗ್ಗಿಯ ವರದಿಗೆಂದು ಅಂಗಡಿಯಲ್ಲೇ ಇದ್ದೆ. ಹತ್ತು ಗಂಟೆಯ ಸುಮಾರಿಗೆ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಒಂದು ಗಾಡಿ ಬಂದು ನಿಂತಿತು. ಮೇಲೆ ಹಗ್ಗ ಬಿಗಿದು ಕಟ್ಟಿದ ಕಾರು. ದೀಪದ ಜಾಗದಲ್ಲಿ ತೂತು, ಒಳಗೆ ಪಂಜರ. ಸಾಲಿನಲ್ಲಿದ್ದ ರೈತನೊಬ್ಬ, "ಇದನ್ನೂ ತೂಗಾಕ ತಂದಾರೇನಪ?" ಎಂದ. ಮುಂದಿನ ಬಾಗಿಲಿನಿಂದ ಅಕ್ಕ ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಭತ್ತದ ರಾಶಿ ದಾಟಿ ಸೀದಾ ಕಾಟಾದ ಹತ್ತಿರ ಬಂದು ಗಂಡನ ಮುಂದೆ ನಿಂತರು.

"ಏಳ್ರಿ," ಎಂದರು.

"ನಿನ್ನೇನ ಹೇಳೀನಲ್ಲ—"

"ಕೇಳೀನಿ. ಏಳ್ರಿ. ನಾ ಕುಂದರ್ತೀನಿ."

ಸಾಹೇಬರಿಗೆ ತಕ್ಷಣ ಅರ್ಥವಾಗಲಿಲ್ಲ. ಹಮಾಲರ ಕೈ ನಿಂತಿತು.

"ಕಲ್ಲು ಹನುಮಪ್ಪ ಎತ್ತಿ ಇಡ್ತಾನ. ಓದೂದು ನಾ ಓದ್ತೀನಿ. ನನ್ ಕಣ್ಣು ನಿಮಗಿಂತ ಛಲೋ ಅದಾವ." ದನಿ ಒಂದಿಷ್ಟೂ ಏರಿರಲಿಲ್ಲ. "ಇಷ್ಟು ವರ್ಷದಾಗ ನಿಮಗಂತ ಒಂದು ದಿನಾ ಕೇಳಿದ್ದಿಲ್ಲ. ಕೇಳಿದ್ದ ಒಂದು ದಿನಾನೂ ಇಲ್ಲೇ ಚೀಲದ ಮ್ಯಾಲ ಕಳದ್ರ, ಮುಂದ ನನ್ ಕಣ್ಣೀಲೆ ನಿಮ್ಮನ್ನ ಹೆಂಗ ನೋಡ್ಲಿ?"

ಸಾಹೇಬರು ಎದ್ದರು. ಏಳುವಾಗ, ಇಡುವ ಮೊದಲು ಸೊನ್ನೆ ಬಂದಿದೆಯೇ ನೋಡಬೇಕು, ಫ್ಯಾನಿನ ಗಾಳಿ ಬಡಿಯಬಾರದು ಎಂದು ಶುರು ಮಾಡಿದರು. ಅಕ್ಕ ಅಷ್ಟರಲ್ಲಿ ಅವರ ಜಾಗದಲ್ಲಿ ಕೂತಾಗಿತ್ತು. "ಹೋಗ್ರಿ, ನನ್ನ ತಮ್ಮ ಕಾಯ್ಲಿಕತ್ಯಾನ" ಎಂದರು.

ಗಾದಿಯ ಮೇಲೆ ಸಾವಕಾರರು ತಲೆ ಎತ್ತಿರಲಿಲ್ಲ. ಗಾಡಿ ಹೊರಟ ಸದ್ದು ಕೇಳಿದ ಮೇಲೆ ಒಳಗಿನವನನ್ನು ಕೂಗಿದರು: "ಏ, ವೈನಿಗೆ ಕುರ್ಚಿ ತಾರೋ. ಚೀಲದ ಮ್ಯಾಲ ಕುಂದರ್ಸೀರೇನು?"

ಅಕ್ಕ ಕುರ್ಚಿಯ ಮೇಲೆ ನಾಲ್ಕು ದಿನ ಕೂತರು. ಬಂದ ರೈತರಿಗೆಲ್ಲ ಕಾಟಾ ಓದಿ ಹೇಳಿದರು. ಓದು ಬಾರದವರಿಗೆ ಒಂದೊಂದು ಅಂಕಿಯನ್ನೂ ಬೆರಳಿಟ್ಟು ತೋರಿಸಿದರು. ಟ್ರ್ಯಾಕಿನಲ್ಲಿ ಏನು ನಡೆಯಿತೆಂಬುದಕ್ಕೆ ನಾನು ಸಾಕ್ಷಿಯಲ್ಲ. ನನಗೆ ಗೊತ್ತಿರುವುದು ಮೂರನೆಯ ದಿನ ಮಧ್ಯಾಹ್ನ ಅಂಗಡಿಗೆ ಬಂದ ಫೋನು ಮಾತ್ರ. ಅಕ್ಕ ಮೊಬೈಲನ್ನು ಕಾಟಾದ ಕಂಬಕ್ಕೆ ಒರಗಿಸಿ ಸ್ಪೀಕರ್ ಹಾಕಿದರು. ಹಮಾಲರೆಲ್ಲ ಸುತ್ತ ನೆರೆದರು. ಆ ಕಡೆ ಗಾಳಿಯ ಸದ್ದು, ದೂರದಲ್ಲಿ ಇಂಜಿನ್ನುಗಳ ಸದ್ದು.

"ಓಡ್ಸಿದ್ನಿ," ಎಂದಿತು ಸಾಹೇಬರ ದನಿ. ಉಸಿರು ಇನ್ನೂ ಇಳಿದಿರಲಿಲ್ಲ. "ಪೂರಾ ಓಡ್ಸಿದ್ನಿ. ಎಲ್ಲೂ ನಿಲ್ಲಸ್ಲಿಲ್ಲ."

ಗಾದಿಯಿಂದ ಸಾವಕಾರರು ಇಳಿದು ಬಂದು, ಹಮಾಲರ ಹೆಗಲ ಮೇಲಿಂದ ಬಾಗಿ, ವಾರಗಟ್ಟಲೆ ಆಡದೆ ಇದ್ದ ಮಾತು ಆಡಿದರು: "ಎಷ್ಟನೇದವ ಬಂದಿ ಲೇ?"

"ಕಡೇಲಿಂದ ಎರಡನೇದವ."

"ಕಡೇದವ ಯಾರು?"

"ಅಂವನ ಗಾಡಿ ಕೆಟ್ಟಿತ್ತು."

ಹಮಾಲರು ಹೋ ಎಂದು ನಕ್ಕರು. ಹನುಮಪ್ಪ ಟವೆಲ್ಲು ಬೀಸಿದ. ಸಾವಕಾರರೂ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಸಾಹೇಬರು ಆ ಕಡೆಯಿಂದ ಮೊದಲ ತಿರುವು ಹೇಗಿತ್ತೆಂದು ಹೇಳತೊಡಗಿದರು. ಆಗ ಬಾಗಿಲಲ್ಲಿ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಭತ್ತದ ಧೂಳು ಮೆತ್ತಿದ ಹೆಂಗಸೊಬ್ಬಳು ಇಳಿದು, ಚೀಲ ಇಳಿಸುವುದೆಲ್ಲಿ ಎಂದು ಸುತ್ತ ನೋಡಿದಳು.

ಅಕ್ಕ ಫೋನಿನತ್ತ ಬಾಗಿದರು.

"ಆತು, ಇಡ್ರಿ ಈಗ. ಮನೀಗೆ ಬಂದು ಹೇಳ್ರಂತ. ಇಲ್ಲಿ ತೂಕಕ್ಕ ಬಂದಾರ" ಎಂದು ಕರೆ ಕತ್ತರಿಸಿ, ಹನುಮಪ್ಪನಿಗೆ ಕಲ್ಲು ತಾ ಎಂದು ಕೈ ಮಾಡಿದರು.